ಪದ್ಮಿನಿಯ ಪಂಪ್ ಬಿಚ್ಚಿದೆ, ಕಸ ಇದ್ದದ್ದು ಟ್ಯಾಂಕಿನಲ್ಲಿ

ನಮ್ಮದು 1989ರ ಪ್ರೀಮಿಯರ್ ಪದ್ಮಿನಿ ಕಾರು. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ನಾಲ್ಕನೇ ತಿರುವಿನಲ್ಲಿ ಜರ್ಕ್ ಹೊಡೆದು ನಿಂತುಬಿಟ್ಟಿತು. "ಪೆಟ್ರೋಲ್ ಎಳೆಯುವ ಪಂಪ್ ಕಾದಿದೆ, ಒದ್ದೆ ಬಟ್ಟೆ ಹಾಕು" ಅಂದರು ಅಪ್ಪ. ಹಾಕಿದೆ. ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಇನ್ನೆರಡು ತಿರುವು ದಾಟುವಷ್ಟರಲ್ಲಿ ಮತ್ತೆ ಅದೇ ಕಥೆ.

ತೋರಿಸಿದವರೆಲ್ಲ ಪಂಪ್ ಹೋಗಿದೆ ಅಂದರು. ಬೆಂಗಳೂರಿನ ಜೆ.ಸಿ. ರೋಡಿನಿಂದ ರಿಪೇರಿ ಕಿಟ್ ತರಿಸಿ ನಾನೇ ಕೂತೆ. ಈ ಪಂಪ್ ಕರೆಂಟಿನದ್ದಲ್ಲ. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡ ತಳ್ಳಿದ ಹಾಗೆ ಪಂಪಿನ ಒಳಗಿನ ಡಯಾಫ್ರಮ್, ಅಂದರೆ ರಬ್ಬರ್ ಪರದೆ, ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುತ್ತದೆ. ಬಿಚ್ಚುವ ಮೊದಲು ಪಂಪಿನ ಎರಡೂ ಭಾಗಕ್ಕೆ ಸೇರುವಂತೆ ಒಂದು ಗೀಟು ಎಳೆದುಕೊಳ್ಳಿ, ಜೋಡಿಸುವಾಗ ಗೊಂದಲ ಇರುವುದಿಲ್ಲ. ಹೊಸ ಡಯಾಫ್ರಮ್ ಕೂರಿಸುವಾಗ ಲಿವರ್ ಪೂರ್ತಿ ಒತ್ತಿ ಹಿಡಿದು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಲಿವರ್ ಒತ್ತದೆ ಸುಮ್ನೆ ಬಿಗಿದರೆ ರಬ್ಬರ್ ತಮಟೆಯ ಚರ್ಮದ ಹಾಗೆ ಎಳೆದು ಕೂತು ಬೇಗ ಹರಿಯುತ್ತದೆ. ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆಯೂ ಬಂದರೆ ಕಾರು ಓಡಿಸಲೇಬೇಡಿ.

ಹಳೇ ಡಯಾಫ್ರಮ್ ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟು ತೂತೂ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಮುಂದಿನ ವಾರ ಘಾಟಿಯಲ್ಲಿ ಮತ್ತೆ ನಿಂತಿತು.

ಈ ಸಲ ಮನೆಗೆ ಬಂದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಿಡಿ ಹುಟ್ಟದಂತೆ, ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್ ವೈರ್ ಕಳಚಿದೆ. ಪಂಪಿನಿಂದ ಕಾರ್ಬೊರೇಟರ್‌ಗೆ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹೋಗುವ ಪೈಪನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆದೆ. ಮೊದಲು ಪೆಟ್ರೋಲ್ ಪಿಚಕ್ ಪಿಚಕ್ ಎಂದು ಜೋರಾಗಿ ಚಿಮ್ಮಿತು. ಆಮೇಲೆ ಧಾರೆ ದಾರದಷ್ಟು ಸಣ್ಣಗಾಯಿತು. ಅಂದರೆ ಪಂಪ್ ಎಳೆಯುತ್ತಿದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್ ಇಳಿಸಿದರೆ ಎಳೆಯುವ ಪೈಪಿನ ಬಾಯಿಗೆ ತುಕ್ಕಿನ ಕೆಸರು ಅಂಟಿಕೊಂಡಿತ್ತು. ಓಡುವಾಗ ಕಸ ಬಾಯಿಗೆ ಬಂದು ಮೆತ್ತಿಕೊಳ್ಳುತ್ತದೆ, ನಿಂತಾಗ ಕೆಳಗೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆಗುತ್ತಿದ್ದದ್ದು ಒದ್ದೆ ಬಟ್ಟೆಯಿಂದಲ್ಲ.

ಟ್ಯಾಂಕಿಗೆ ಒಂದು ಹಿಡಿ ನಟ್ಟುಗಳು, ಎರಡು ಲೀಟರ್ ಡೀಸೆಲ್ ಹಾಕಿ ಕುಲುಕಿ ಸುರಿದೆ. ಹಾಗೆ ಆರು ಸಲ. ಖಾಲಿ ಟ್ಯಾಂಕ್ ಅಂತ ಅಸಡ್ಡೆ ಬೇಡ. ಒಳಗಿನ ಆವಿಗೆ ಒಂದು ಕಿಡಿ ಸಾಕು, ಹತ್ತಿರ ವೆಲ್ಡಿಂಗ್ ಮಾಡಲೇಬಾರದು. ರಬ್ಬರ್ ಪೈಪುಗಳನ್ನೂ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಊದಿಕೊಂಡು ಬಿರುಕು ಬಿಡುತ್ತದೆ. ಕೊಳ್ಳುವಾಗ ಎಥನಾಲ್ ತಡೆಯುವ ಪೈಪನ್ನೇ ಕೇಳಿ.

ಕೊನೆಗೆ, ಪಂಪಿಗಿಂತ ಮೊದಲು ಒಂದು ಪಾರದರ್ಶಕ ಫಿಲ್ಟರ್, ಅದರ ಮೇಲಿನ ಬಾಣ ಪಂಪಿನ ಕಡೆಗೆ. ಅದು ಅರ್ಧ ಖಾಲಿ ಕಂಡರೆ ಗಾಬರಿ ಬೇಡ, ಎಷ್ಟೋ ಕಾರುಗಳಲ್ಲಿ ಹಾಗೇ ಇರುತ್ತದೆ. ನಾನು 5,000 ಕಿ.ಮೀ.ಗೆ ಬದಲಿಸುತ್ತೇನೆ. ಹಳೆಯದನ್ನು ಎಸೆಯುವ ಮೊದಲು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ತಟ್ಟುತ್ತೇನೆ. ಮೊದಲ ಸಲ ಒಂದು ಚಿಟಿಕೆ ಕೆಂಪು ಪುಡಿ ಬಿತ್ತು. ಹೋದ ತಿಂಗಳು ತಟ್ಟಿದಾಗ ಎರಡೇ ಕಣ.