ಕಾಚಂಪುಳಿ ‘ಬೇಕಾದಷ್ಟು’ ಅಂದರೆ ಎಷ್ಟು? ಮನೆಯಡುಗೆಯನ್ನು ತೂಕ ಹಾಕಿ ಬರೆದುಕೊಂಡ ಅನುಭವ

ಕೊಡಗಿನ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಅಡುಗೆ ಚೀಟಿಗಳಲ್ಲಿ ಸಾಮಾನಿನ ಪಟ್ಟಿ ಸರಿಯಾಗಿಯೇ ಇರುತ್ತದೆ. ಅಳತೆಯ ಜಾಗದಲ್ಲಿ ‘ಬೇಕಾದಷ್ಟು’, ಹೊತ್ತಿನ ಜಾಗದಲ್ಲಿ ‘ಹದ ಬರುವ ತನಕ’ ಎಂದಿರುತ್ತದೆ. ಅದೇ ಚೀಟಿ ಹಿಡಿದು ಬೆಂಗಳೂರಿನಲ್ಲೋ ದುಬೈನಲ್ಲೋ ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡಿದರೆ ಬಣ್ಣ ಕಪ್ಪಗಾಗದೆ ಕೆಂಪಗೆ ಬರುತ್ತದೆ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಕಲ್ಲಾಗುತ್ತದೆ. ‘ಬೇಕಾದಷ್ಟು’ ಅನ್ನುವುದನ್ನು ಗ್ರಾಂಗೆ, ‘ಹದ’ ಅನ್ನುವುದನ್ನು ಕಣ್ಣಿಗೆ ಕಾಣುವ ಗುರುತಿಗೆ ಇಳಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಿಯಮ: ಅಡುಗೆ ಮಾಡುವವರ ಕೈಗೆ ಅಳತೆ ಚಮಚ ಕೊಡಬೇಡಿ. ಚಮಚ ಬಂದ ಕೂಡಲೇ ಕೈ ಹಿಂಜರಿಯುತ್ತದೆ, ಹಾಕುವ ಪ್ರಮಾಣವೇ ಬದಲಾಗುತ್ತದೆ. ಅವರು ಎಂದಿನಂತೆ ಡಬ್ಬಿಗೆ ಕೈ ಹಾಕಲಿ. ನೀವು ಪ್ರತಿ ಡಬ್ಬಿಯನ್ನೂ ಅಡುಗೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ. ವ್ಯತ್ಯಾಸವೇ ಅಳತೆ. ಉಪ್ಪಿನ ಭರಣಿ, ಎಣ್ಣೆ ಬಾಟಲಿ, ಕಾಚಂಪುಳಿ (ಹಣ್ಣಿನ ರಸ ಕುದಿಸಿ ಇಳಿಸಿದ ಕಪ್ಪು ಹುಳಿ) ಸೀಸೆ ಎಲ್ಲಕ್ಕೂ ಇದೇ ಲೆಕ್ಕ. ನೀರಿಗೆ ತುಂಬಿದ ಕೊಡಪಾನವೊಂದನ್ನು ಬೇರೆಯೇ ಇಟ್ಟು, ಅದರಿಂದಲೇ ತೆಗೆಯಲು ಹೇಳಿ. 5 ಕೆ.ಜಿ. ತೂಗುವ ಅಡುಗೆ ತಕ್ಕಡಿ ಸಾಮಾನುಗಳಿಗೆ ಸಾಕು. ಮೆಂತ್ಯ, ಸಾಸಿವೆಗೆ 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಒಂದೇ ಸಲದ ತೂಕ ನಂಬಬೇಡಿ, ಮೂರು ಸಲದ ಸರಾಸರಿ ಹಿಡಿಯಿರಿ. ಮೂರೂ ಸಲ ತೀರಾ ಬೇರೆ ಬಂದರೆ ಆ ಸಾಮಾನಿನ ಅಳತೆ ಮುಖ್ಯವಲ್ಲ ಎಂದೇ ಅರ್ಥ. ಕರಿಬೇವು ಹಾಗೆ, ಈರುಳ್ಳಿಯೂ ಬಹುಮಟ್ಟಿಗೆ ಹಾಗೆಯೇ.

ಸೇರು, ಪಾವುಗಳ ವಿಷಯ. ಪ್ರತಿ ಮನೆಯ ಸೇರು ಬೇರೆ. ತಳ ನೆಗ್ಗಿದ್ದರೆ ಇನ್ನೂ ಬೇರೆ. ನಿಮ್ಮ ಮನೆಯದಕ್ಕೆ ಕಂಠಮಟ್ಟ ನೀರು ತುಂಬಿ ತೂಗಿ, ಅಂಕಿಯನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆಯಿರಿ. ಅಕ್ಕಿ ಅಳೆಯುವಾಗ ಗೋಪುರ ಮಾಡುತ್ತಾರೋ ಕೈಯಲ್ಲಿ ಸವರುತ್ತಾರೋ ಅದನ್ನೂ ಬರೆಯಿರಿ.

ಇನ್ನು ಕೇಳುವ ಬಗೆ. ‘ಎಷ್ಟು ಹಾಕ್ತೀರಿ?’ ಅಂದರೆ ‘ನೋಡ್ಕೊಂಡು’ ಅನ್ನುತ್ತಾರೆ. ‘ಜಾಸ್ತಿ ಆದ್ರೆ ಏನಾಗುತ್ತೆ, ಕಮ್ಮಿ ಆದ್ರೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿ. ಉತ್ತರ ಮಾತಾಗಿ ಹರಿಯುತ್ತದೆ. ಕೆಳಗೆ ಬರೆದಿರುವ ಬಹುಪಾಲು ಎಚ್ಚರಿಕೆಗಳು ಈ ಪ್ರಶ್ನೆಯಿಂದಲೇ ಬಂದವು. ಫೋನನ್ನು ಮುಖದ ಮುಂದೆ ಹಿಡಿಯದೆ ಪಾತ್ರೆಯ ಪಕ್ಕ ನಿಲ್ಲಿಸಿ. ಧ್ವನಿ ಮುಖ್ಯ: ಸಾಸಿವೆ ಸಿಡಿಯುವುದು, ಬೊಜ್ಜು ಬಿಟ್ಟಾಗ ಸಾರಿನ ಕುದಿತದ ಸದ್ದು ಬದಲಾಗುವುದು ಅದರಲ್ಲಿ ಸಿಗುತ್ತದೆ.

ಪಂದಿ ಕರಿಯನ್ನೇ ಮೊದಲು ಹಿಡಿಯಿರಿ, ಅತಿ ಹೆಚ್ಚು ಕೆಡುವುದು ಅದೇ. ನಮ್ಮ ಲೆಕ್ಕ 1 ಕೆ.ಜಿ. ಮಾಂಸಕ್ಕೆ. ಚರ್ಮ, ಬೊಜ್ಜು ಎರಡೂ ಇರಬೇಕು. ಬರೀ ಕೆಂಪು ಮಾಂಸ ತಂದರೆ ನಾರು ನಾರಾಗುತ್ತದೆ, ಎಣ್ಣೆ ಸುರಿದರೂ ಆ ರುಚಿ ಬರುವುದಿಲ್ಲ. ಎರಡೂವರೆ ಸೆಂಟಿಮೀಟರ್ ತುಂಡುಗಳಿಗೆ ಅರಿಶಿನ 2 ಗ್ರಾಂ, ಉಪ್ಪು 15 ಗ್ರಾಂ, ಮೆಣಸಿನ ಪುಡಿ 10 ಗ್ರಾಂ ಸವರಿ ಅರ್ಧ ಗಂಟೆ ಬಿಡಿ. ಈರುಳ್ಳಿ 250 ಗ್ರಾಂ, ಬೆಳ್ಳುಳ್ಳಿ 30, ಶುಂಠಿ 20, ಹಸಿಮೆಣಸು ಆರು, ಜೀರಿಗೆ 3 ಗ್ರಾಂ, ಇವನ್ನು ತರಿತರಿಯಾಗಿ ಅರೆಯಿರಿ. ನುಣ್ಣಗೆ ಅರೆದರೆ ಸಾರು ಅಂಟಾಗುತ್ತದೆ. ತೆಂಗಿನಕಾಯಿ ಇಲ್ಲ.

ಕಪ್ಪು ಪುಡಿಗೆ ಕೊತ್ತಂಬರಿ 20 ಗ್ರಾಂ, ಕಾಳುಮೆಣಸು 10, ಜೀರಿಗೆ 8, ಸಾಸಿವೆ 4, ಮೆಂತ್ಯ 1 ಗ್ರಾಂ. ಎಲ್ಲರೂ ಎಡವುವುದು ಇಲ್ಲಿ. ಒಟ್ಟಿಗೆ ಹುರಿಯಬೇಡಿ. ಕೊತ್ತಂಬರಿ ಕಪ್ಪಾಗುವ ಹೊತ್ತಿಗೆ ಮೆಂತ್ಯ ಸುಟ್ಟು ಬೂದಿಯಾಗಿ ಇಡೀ ಪುಡಿ ಕಹಿಯಾಗುತ್ತದೆ. ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದೊಂದೇ ಸಾಮಾನು. ಕೊತ್ತಂಬರಿ ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು. ಘಮ ಬಂತೆಂದು ಇಲ್ಲೇ ಇಳಿಸುವವರೇ ಹೆಚ್ಚು. ಕೆಂಪು ಕರಿಗೆ ಇದೇ ಕಾರಣ. ಇನ್ನೂ ತಿರುವುತ್ತಿರಿ. ಕಾಫಿ ಬೀಜ ಗಾಢವಾಗಿ ಹುರಿದಾಗಿನ ಬಣ್ಣ ಬಂದು ತೆಳ್ಳನೆ ಹೊಗೆ ಏಳತೊಡಗಿದಾಗ ಇಳಿಸಿ. ಇಳಿಸಿದರಷ್ಟೇ ಸಾಲದು, ತಕ್ಷಣ ತಟ್ಟೆಗೆ ಸುರಿಯಬೇಕು. ಕಬ್ಬಿಣದ ಕಾವಿನಲ್ಲೇ ಅದು ಇನ್ನೂ ಒಂದು ನಿಮಿಷ ಹುರಿಯುತ್ತಿರುತ್ತದೆ. ಕಾಫಿ ಹುರಿಯುವವರು ತೂಕ ಎಷ್ಟು ಇಳಿಯಿತೆಂದು ನೋಡುವಂತೆ ಇಲ್ಲೂ ನೋಡಬಹುದು: ನಮ್ಮಲ್ಲಿ 20 ಗ್ರಾಂ ಕೊತ್ತಂಬರಿ 17ಕ್ಕೆ ಇಳಿದಾಗ ಹದ ಸರಿಯಾಗಿರುತ್ತದೆ. ಎರಡು ಬೆರಳ ನಡುವೆ ಒಂದು ಕಾಳು ಒತ್ತಿದರೆ ಪುಡಿಯಾಗಬೇಕು, ನಾಲಗೆಗೆ ಕಹಿ ಹತ್ತಬಾರದು. ಕಹಿ ಹತ್ತಿದರೆ ಎಸೆದು ಮತ್ತೆ ಹುರಿಯಿರಿ, ಕಾಚಂಪುಳಿ ಅದನ್ನು ಮುಚ್ಚುವುದಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆಯಿಲ್ಲದೆ ಮಾಂಸ ಇಟ್ಟು ಮುಚ್ಚಿದರೆ ಹತ್ತು ಹದಿನೈದು ನಿಮಿಷದಲ್ಲಿ ಅದೇ ನೀರು, ಬೊಜ್ಜು ಬಿಡುತ್ತದೆ. ಆಮೇಲೆ ಅರೆದದ್ದನ್ನು ಹಾಕಿ, ಮುಳುಗುವಷ್ಟು ಬಿಸಿನೀರು ಎರೆದು ಸುಮಾರು ಒಂದೂಕಾಲು ಗಂಟೆ ಬೇಯಿಸಿ. ಚರ್ಮಕ್ಕೆ ಚಾಕುವಿನ ತುದಿ ತಡೆಯಿಲ್ಲದೆ ಇಳಿದಾಗ ಕಪ್ಪು ಪುಡಿ, ಅದಾಗಿ ಹತ್ತು ನಿಮಿಷಕ್ಕೆ ಕಾಚಂಪುಳಿ. ಪ್ರೆಷರ್ ಕುಕ್ಕರ್‌ನಲ್ಲಿ ಬೇಗ ಆಗುತ್ತದೆ, ಆದರೆ ನೀರು ಬತ್ತದ ಕಾರಣ ಸಾರು ತುಂಡಿಗೆ ಹಿಡಿಯುವುದಿಲ್ಲ. ಕೊನೆಯ ಇಪ್ಪತ್ತು ನಿಮಿಷವಾದರೂ ಮುಚ್ಚಳ ತೆಗೆದು ಬತ್ತಿಸಿ.

ಕಾಚಂಪುಳಿ ನಮ್ಮ ಲೆಕ್ಕದಲ್ಲಿ 15 ಗ್ರಾಂ. ಆದರೆ ಈ ಅಂಕಿ ನಿಮ್ಮ ಸೀಸೆಗೆ ಹೊಂದಬೇಕೆಂದಿಲ್ಲ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಹೇರಿ, ಕೆಳಗೆ ಪಾತ್ರೆ ಇಟ್ಟು, ದಿನಗಟ್ಟಲೆ ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಕುದಿಸಿ ಇಳಿಸುತ್ತಾರೆ. ಯಾವ ಹಂತದಲ್ಲಿ ಇಳಿಸಿದರು ಅನ್ನುವುದರ ಮೇಲೆ ಹುಳಿಯ ಬಲ ನಿಂತಿದೆ. ಕುದಿಯುವಾಗ ತೆಳ್ಳಗೆ ಕಂಡದ್ದು ಆರಿದ ಮೇಲೆ ಗಟ್ಟಿಯಾಗುತ್ತದೆ. ತಣ್ಣನೆ ತಟ್ಟೆಯ ಮೇಲೆ ಹನಿ ಬಿಟ್ಟು, ವಾಲಿಸಿದಾಗ ನಿಧಾನಕ್ಕೆ ಜಾರಿದರೆ ಸಾಕು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡವೇ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮಣ್ಣಿನ ಪಾತ್ರೆ ಅಥವಾ ಸ್ಟೀಲ್. ಹೊಸ ಸೀಸೆ ಬಂದಾಗ ಹಳೆಯದು, ಹೊಸದು ಎರಡರಿಂದಲೂ 2 ಗ್ರಾಂ ತೆಗೆದು 200 ಮಿ.ಲೀ. ನೀರಲ್ಲಿ ಕದಡಿ ರುಚಿ ನೋಡಿ, ಹೊಸದು ಎಷ್ಟು ಹೆಚ್ಚು ಕಮ್ಮಿ ಎಂದು ಸೀಸೆಯ ಮೇಲೇ ಬರೆದಿಡಿ. ಸಾರು ಬತ್ತಿದಂತೆ ಹುಳಿ ಏರುವುದರಿಂದ ಮೂರರಲ್ಲಿ ಎರಡು ಪಾಲು ಮೊದಲು ಹಾಕಿ, ಉಳಿದದ್ದು ಇಳಿಸುವ ಮುನ್ನ.

ಕಡಂಬುಟ್ಟಿಗೆ ಅಕ್ಕಿ ತೊಳೆದು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿ, ಇಡ್ಲಿ ರವೆಯಷ್ಟು ದಪ್ಪಕ್ಕೆ ಒಡೆಯಬೇಕು. ಜರಡಿ ಹಿಡಿದು ಹಿಟ್ಟು ತೆಗೆಯಿರಿ, ಅದು ಅಕ್ಕಿ ಒಟ್ಟಿಗೆ (ಅಕ್ಕಿ ರೊಟ್ಟಿಗೆ) ಆಗುತ್ತದೆ. ಹಿಟ್ಟು ಉಳಿದರೆ ಉಂಡೆ ಅಂಟು ಅಂಟು. 500 ಗ್ರಾಂ ಒಣ ತರಿಗೆ 1250 ಮಿ.ಲೀ. ನೀರು, ಉಪ್ಪು 8 ಗ್ರಾಂ, ಒಂದು ಚಮಚ ತುಪ್ಪ, ಮೂರು ಏಲಕ್ಕಿ. ಇದು ಹಳೆಯ ಅಕ್ಕಿಯ ಲೆಕ್ಕ. ಸುಗ್ಗಿ ಹಬ್ಬವಾದ ಪುತ್ತರಿ ಕಳೆದು ಬರುವ ಹೊಸ ಅಕ್ಕಿ ಕಡಿಮೆ ನೀರು ಕುಡಿಯುತ್ತದೆ. ನಾವು 1150ಕ್ಕೆ ನಿಲ್ಲಿಸುತ್ತೇವೆ. ಹಾಗಾಗಿ ಅಕ್ಕಿ ಯಾವುದು, ಯಾವ ಸುಗ್ಗಿಯದು ಎಂದು ಬರೆಯದೆ ನೀರಿನ ಅಳತೆ ಬರೆದು ಪ್ರಯೋಜನವಿಲ್ಲ.

ನೀರು ಕುದಿ ಬಂದಾಗ ತರಿಯನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕಲಕಬೇಡಿ. ಸೌಟಿನ ಹಿಡಿಯಿಂದ ಗುಡ್ಡೆಗೆ ತೂತು ಮಾಡಿದರೆ ನೀರು ಮೇಲಕ್ಕೆ ಉಕ್ಕುತ್ತದೆ. ಮುಚ್ಚಿ ಸಣ್ಣ ಉರಿಯಲ್ಲಿ ಬಿಟ್ಟು, ನೀರು ಇಂಗಿದ ಮೇಲೆ ಮರದ ಕೋಲಿನಿಂದ ಬಲವಾಗಿ ತಿರುವಿ. ಕೈ ತಾಳುವಷ್ಟು ಬಿಸಿಯಲ್ಲೇ, ಅಂಗೈ ಒದ್ದೆ ಮಾಡಿಕೊಂಡು ನಾದಿ ಉಂಡೆ ಕಟ್ಟಬೇಕು. ಪೂರ್ತಿ ಆರಿದರೆ ಬಿರುಕು ಬರುತ್ತದೆ. ಉಂಡೆ ‘ನಿಂಬೆಹಣ್ಣಿನ ಗಾತ್ರ’ ಎಂದು ಎಲ್ಲರೂ ಹೇಳುತ್ತಾರೆ. ತೂಗಿದಾಗ ಬಂದದ್ದು 55 ಗ್ರಾಂ, ಅದೊಂದು ದೊಡ್ಡ ನಿಂಬೆ. ಹಬೆಯಲ್ಲಿ 20 ನಿಮಿಷ. ಮಡಿಕೇರಿಯಂಥ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಇನ್ನೊಂದು ಮೂರು ನಾಲ್ಕು ನಿಮಿಷ ಬಿಡಿ. ಉಂಡೆ ಮುರಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ತರಿ ಬೆಂದಿಲ್ಲ.

ನೂಪುಟ್ಟಿನಲ್ಲಿ (ಒತ್ತುಶಾವಿಗೆಯಲ್ಲಿ) ಕೆಡುವುದು ಒಂದೇ, ಆರಿದ ಹಿಟ್ಟು. ಹಬೆಯಿಂದ ತೆಗೆದ ಉಂಡೆ ಸುಡುತ್ತಿರುವಾಗಲೇ ಒತ್ತಿಗೆ ಹೋಗಬೇಕು. ಆದ್ದರಿಂದ ಒಬ್ಬರು ಒತ್ತುವಾಗ ಇನ್ನೊಬ್ಬರು ಉಂಡೆ ಒಂದೊಂದಾಗಿ ತೆಗೆದುಕೊಡುತ್ತಿರಬೇಕು, ಒಂಟಿಯಾಗಿ ಆಗುವ ಕೆಲಸವಲ್ಲ.

ಕೆಲವು ಅಡುಗೆಗೆ ವರ್ಷದಲ್ಲಿ ಒಂದೇ ಅವಕಾಶ, ತಪ್ಪಿದರೆ ಮುಂದಿನ ವರ್ಷವೇ. ಮದ್ದು ಸೊಪ್ಪು ಎಂಬ ಔಷಧಿ ಸೊಪ್ಪಿನ ಅಡುಗೆ ಕೊಡವ ತಿಂಗಳಾದ ಕಕ್ಕಡದ ಹದಿನೆಂಟಕ್ಕೆ, ಅಂದರೆ ಸಾಮಾನ್ಯವಾಗಿ ಆಗಸ್ಟ್ 3ಕ್ಕೆ. ಎಲೆ, ಎಳೆ ಕಾಂಡ ಎರಡನ್ನೂ ಕುದಿಸಿದ ಕಡುನೇರಳೆ ನೀರನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ಕಾಯಿಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ಮರುದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ ಎಂದು ಹೊರಗಿನಿಂದ ಬಂದ ನೆಂಟರಿಗೆ ಮೊದಲೇ ಹೇಳಿಬಿಡಿ. ಬೈಂಬಳೆಯೂ (ಕಳಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ ಅಡುಗೆ) ಮಳೆಗಾಲದ್ದೇ. ಕಳಲೆಯನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಚೆಲ್ಲಿ ಹೊಸದು ಹಾಕಿ, ಕೊನೆಗೆ ಬೇಯಿಸಿದ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ಇಲ್ಲಿ ಅವಸರ ಸಲ್ಲದು. ಚೀಟಿಯಲ್ಲಿ ‘ನೆನೆಹಾಕಿದ ಕಳಲೆ’ ಎಂದಷ್ಟೇ ಇದ್ದರೆ ಎಷ್ಟು ದಿನ, ಎಷ್ಟು ನೀರು ಎಂದು ನೀವೇ ಸೇರಿಸಿ. ಬರೆದವರಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ.

ಕೊನೆಗೆ ಪುಸ್ತಕ. ಒಂದು ಅಡುಗೆಗೆ ಎದುರುಬದುರಿನ ಎರಡು ಪುಟ: ಎಡಕ್ಕೆ ತೂಕ, ಹೊತ್ತು, ಪಾತ್ರೆ, ಅಕ್ಕಿ, ಬಲಕ್ಕೆ ಮಾಡಿದವರು ಆಡಿದ ಮಾತು, ಅವರ ಭಾಷೆಯಲ್ಲೇ, ಕೊಡವ ತಕ್ಕಾಗಲಿ ಅರೆಭಾಷೆಯಾಗಲಿ. ಯಾರ ಕೈಯ ಅಡುಗೆ, ಯಾವ ಮನೆಯಿಂದ ಬಂದ ಪದ್ಧತಿ ಎಂದೂ ಇರಲಿ. ಅತ್ತೆಯ ಪಂದಿ ಕರಿಯನ್ನೂ ಸೊಸೆ ತವರಿನಿಂದ ತಂದದ್ದನ್ನೂ ಸರಾಸರಿ ಮಾಡಿ ಮೂರನೆಯದೊಂದನ್ನು ಹುಟ್ಟಿಸಬೇಡಿ, ಎರಡಕ್ಕೂ ಬೇರೆ ಬೇರೆ ಪುಟ. ಬರೆಯುವುದು ಪೆನ್ಸಿಲ್‌ನಲ್ಲಿ. ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ, ಮತ್ತೆ ಮುಂದಿನ ವರ್ಷದ ಕಾಚಂಪುಳಿ ಬಂದಾಗ ಆ 15 ಗ್ರಾಂ ಅನ್ನು ಹೇಗೂ ತಿದ್ದಬೇಕಾಗುತ್ತದೆ.