ಮೀನುಗಾರರ ಮನೆಯ ಸಾಲ ಬರೆದುಕೊಳ್ಳುವ ಬಗೆ: ನನ್ನ ಅನುಭವ

ಸಮೀಕ್ಷೆಗೆ ಕೂತಾಗ ‘ಎಷ್ಟು ಸಾಲ ಇದೆ?’ ಎಂದು ನಾನು ಕೇಳುವುದಿಲ್ಲ. ಕಾರವಾರದ ಬೈತಖೋಲದಲ್ಲಾಗಲಿ, ಕುಮಟೆಯ ತದಡಿಯಲ್ಲಾಗಲಿ ಈ ಪ್ರಶ್ನೆಗೆ ಬ್ಯಾಂಕು, ಸೊಸೈಟಿ ಸಾಲವಷ್ಟೇ ಉತ್ತರವಾಗಿ ಬರುತ್ತದೆ. ಬಂಗಾರ ಇಟ್ಟದ್ದು, ಬೋಟಿನ ಮಾಲೀಕರ ಮುಂಗಡ, ನೆರೆಮನೆಯ ಕೈಗಡ ಇವೆಲ್ಲ ಹೊರಗೇ ಉಳಿಯುತ್ತವೆ. ಅದಕ್ಕೇ ‘ಸೋಮವಾರ ಯಾರಿಗೆ ಕಟ್ಟುತ್ತೀರಿ, ಮಂಗಳವಾರ ಯಾರಿಗೆ?’ ಎಂದು ವಾರ ಹಿಡಿದು ಹೋಗುತ್ತೇನೆ. ಕಂತಿನ ದಿನ ಯಾರಿಗೂ ಮರೆತಿರುವುದಿಲ್ಲ. ಆಮೇಲೆ ಅಡವಿನ ರಸೀದಿ, ಕೊನೆಗೆ ಮುಂಗಡ. ಮುಂಗಡಕ್ಕೆ ಬಡ್ಡಿ ಇಲ್ಲ ಎನ್ನುತ್ತಾರೆ, ಬಹಳ ಕಡೆ ಅದು ನಿಜ. ‘ಈ ಸೀಸನ್ನಿಗೆ ಬೇರೆ ಬೋಟು ಹತ್ತಬಹುದಾ?’ ಎಂದು ಕೇಳಿ ನೋಡಿ, ಬಡ್ಡಿಯ ಬದಲು ಬೇರೆ ಬೋಟಿಗೆ ಹೋಗುವ ಸ್ವಾತಂತ್ರ್ಯವನ್ನೇ ಕೊಟ್ಟಿದ್ದಾರೆಯೇ ಎಂಬುದು ಆಗ ತಿಳಿಯುತ್ತದೆ.

ಪ್ರತಿ ಸಾಲಕ್ಕೂ ಮೂರು ಅಂಕಣ: ಯಾರ ಹೆಸರಲ್ಲಿದೆ, ದುಡ್ಡು ಯಾರ ಕೈ ಸೇರಿತು, ಕಂತು ಯಾರು ಕಟ್ಟುತ್ತಾರೆ. ಸಂಘದ ಸಾಲದಲ್ಲಿ ಈ ಮೂರೂ ಒಬ್ಬರೇ ಆಗಿರಬೇಕೆಂದಿಲ್ಲ. ಅಕ್ಕಪಕ್ಕದವರು ಕೂತಿದ್ದರೆ ಎರಡನೆಯ ಅಂಕಣಕ್ಕೆ ಸರಿಯಾದ ಉತ್ತರ ಸಿಗುವುದೇ ಇಲ್ಲ.

ಬಡ್ಡಿಯ ದರವನ್ನು ಬಾಯಿಮಾತಿನಲ್ಲಿ ಬರೆದುಕೊಳ್ಳಬಾರದು. ‘ನೂರಕ್ಕೆ ಮೂರು’ ಅಂದರೆ ತಿಂಗಳ ಲೆಕ್ಕ, ವರ್ಷಕ್ಕೆ ಶೇ 36. ವಾರದ ಕಂತಿನದು ಇನ್ನೂ ತೊಡಕು. ₹50,000 ಸಾಲಕ್ಕೆ 52 ವಾರ ₹1,100ರಂತೆ ಕಟ್ಟಿದರೆ ಒಟ್ಟು ₹57,200. ಮೇಲ್ನೋಟಕ್ಕೆ ಬಡ್ಡಿ ಶೇ 14ರಷ್ಟೇ. ಆದರೆ ಅಸಲು ವಾರವಾರವೂ ಕರಗುತ್ತಿರುವುದರಿಂದ ನಿಜವಾದ ದರ ಸುಮಾರು ಶೇ 27. ಶುಲ್ಕ, ವಿಮೆ ಎಂದು ಮೊದಲೇ ₹1,500 ಹಿಡಿದುಕೊಂಡರೆ ಅದು ಶೇ 33 ದಾಟುತ್ತದೆ. ಆದ್ದರಿಂದ ಕೈಗೆ ಬಂದದ್ದೆಷ್ಟು, ಕಂತೆಷ್ಟು, ಎಷ್ಟು ವಾರ ಇಷ್ಟನ್ನೇ ಕೇಳಿ, ದರವನ್ನು ನಾನೇ ಲೆಕ್ಕ ಹಾಕುತ್ತೇನೆ.

2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ 2018ರ ಜೂನ್ 30ಕ್ಕೆ ಇದ್ದ ಬಾಕಿಯನ್ನು ಎಣಿಸಿತು. ಬೇಸಾಯದವರಿಗೆ ಅದು ವರ್ಷ ಮುಗಿಯುವ ದಿನ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯುವಂತಿಲ್ಲ, ಜೂನ್ 30 ಅಂದರೆ ಸಾಲ ಇನ್ನೂ ಏರುತ್ತಿರುವ ಹೊತ್ತು. ಅದೇ ಮನೆಗಳಿಗೆ ಜುಲೈ ಕೊನೆಗೊಮ್ಮೆ, ಡಿಸೆಂಬರಿನಲ್ಲೊಮ್ಮೆ ಹೋದರೆ ಮಾತ್ರ ಯಾವ ಸಾಲ ತೀರಿತು, ಯಾವುದು ಹೆಸರು ಬದಲಿಸಿ ಮುಂದುವರಿಯಿತು ಎಂಬುದು ಗೊತ್ತಾಗುತ್ತದೆ.

ಸರ್ಕಾರದ ನೆರವನ್ನು ಬರೆಯುವಾಗ ಒಲೆ ಬೇರೆ, ಪಡಿತರ ಕಾರ್ಡು ಬೇರೆ ಎಂಬುದನ್ನು ಮೊದಲು ನೋಡಬೇಕು. ಸಮೀಕ್ಷೆಯಲ್ಲಿ ಒಂದು ಒಲೆ ಅಂದರೆ ಒಂದು ಕುಟುಂಬ. ಆದರೆ 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ ₹2,000 ಪಡಿತರ ಚೀಟಿಯಲ್ಲಿರುವ ಯಜಮಾನಿಗೆ ಹೋಗುತ್ತದೆ. ಒಲೆ ಎರಡಾಗಿ ಕಾರ್ಡು ಒಂದೇ ಉಳಿದ ಮನೆಯಲ್ಲಿ ದುಡ್ಡು ಅತ್ತೆಗೆ, ವಾರದ ಕಂತು ಸೊಸೆಗೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದರೆ ಈ ಅಸಮಾನತೆಯೇ ಅಳಿಸಿಹೋಗುತ್ತದೆ. ‘ಗೃಹಲಕ್ಷ್ಮಿ ಬರುತ್ತದಾ?’ ಎಂದು ಕೇಳಿ ಸುಮ್ಮನಾಗದೆ ಪಾಸ್‌ಬುಕ್ಕಿನಲ್ಲಿ ಜಮೆಯಾದ ತಾರೀಖು, ತೆಗೆದ ತಾರೀಖು, ಹತ್ತಿರದ ಕಂತಿನ ದಿನ ಮೂರನ್ನೂ ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಜಮೆ ತಡವಾದ ತಿಂಗಳು ಆ ಕಂತಿಗೆ ಯಾರಿಂದ ಕೈಗಡ ತಂದರು ಎಂಬುದು ಮುಂದಿನ ಪ್ರಶ್ನೆ.