ಅಂಗಡಿಯ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಯಾವಾಗ? ನಾನು ಕಂಡುಕೊಂಡ ದಾರಿ

ಬಿಲ್ಲಿಂಗ್ ಕಂಪ್ಯೂಟರ್‌ಗಳಿಗೆ ಸೆಕ್ಯುರಿಟಿ ಅಪ್‌ಡೇಟ್ ಹಾಕುವುದು ನಮಗೆ ಪ್ರತಿ ತಿಂಗಳ ತಲೆನೋವಾಗಿತ್ತು. ಬಂದ ಕೂಡಲೇ ಹಾಕಿದರೆ ಒಮ್ಮೊಮ್ಮೆ ಬಿಲ್ ಪ್ರಿಂಟರ್ ಕೈಕೊಡುತ್ತಿತ್ತು, ಗಿರಾಕಿಗಳು ಸಾಲುಗಟ್ಟಿ ನಿಲ್ಲುತ್ತಿದ್ದರು. ಹಾಗಂತ ತಿಂಗಳುಗಟ್ಟಲೆ ಮುಂದೂಡುವಂತೆಯೂ ಇಲ್ಲ. 2017ರಲ್ಲಿ ಕಂಪ್ಯೂಟರಿನ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಎಂಬ ವೈರಸ್ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ಅಷ್ಟರೊಳಗೆ ಅಪ್‌ಡೇಟ್ ಹಾಕಿಕೊಂಡವರಿಗೆ ಆ ದಾರಿಯಿಂದ ಅಪಾಯವಿರಲಿಲ್ಲ.

ಈಗಿನ ಕ್ರಮ ಹೀಗಿದೆ. ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಎರಡನೇ ಮಂಗಳವಾರ ಬರುತ್ತದೆ, ನಮ್ಮಲ್ಲಿ ಆಗ ರಾತ್ರಿ. ಬುಧವಾರ ಬೆಳಿಗ್ಗೆ ಗೋಡೌನಿನ ಒಂದು ಕಂಪ್ಯೂಟರ್‌ಗೆ ಮಾತ್ರ ಹಾಕುತ್ತೇನೆ. ಸಾಮಾನಿನ ಬಾರ್‌ಕೋಡ್ ಓದಿಸಿ, ಬಿಲ್ ಮುದ್ರಿಸಿ, ಜಿಎಸ್‌ಟಿ ವರದಿ ತೆರೆದು ನೋಡುತ್ತೇನೆ. ಕೌಂಟರಿನವಕ್ಕೆ ಅಪ್‌ಡೇಟನ್ನು ಒಂದು ವಾರ ತಡೆಹಿಡಿದಿರುತ್ತೇನೆ. ಎಲ್ಲ ಸರಿಯಿದ್ದರೆ ಶನಿವಾರ ರಾತ್ರಿ ಶಟರ್ ಎಳೆದ ಮೇಲೆ ಬ್ಯಾಕಪ್ ತೆಗೆದು, ಅವಕ್ಕೂ ಹಾಕಿ ರೀಸ್ಟಾರ್ಟ್. ಏನಾದರೂ ಕೆಟ್ಟರೆ ಸರಿಪಡಿಸಲು ಭಾನುವಾರದ ರಜೆ ಕೈಯಲ್ಲಿರುತ್ತದೆ.

ಬ್ರೌಸರ್‌ಗೆ ಮಾತ್ರ ಈ ಕಾಯುವಿಕೆ ಬೇಡ, ಬಂದ ದಿನವೇ ಹಾಕಿ. ದೋಷವನ್ನು ಬಳಸಿ ಆಗಲೇ ದಾಳಿ ನಡೆಯುತ್ತಿದೆ ಎಂಬ ಎಚ್ಚರಿಕೆ ಬಂದರೂ ಅಷ್ಟೇ: ಶನಿವಾರದವರೆಗೆ ಕಾಯದೆ ಅಂದು ರಾತ್ರಿಯೇ ಎಲ್ಲವನ್ನೂ ಮುಗಿಸುತ್ತೇನೆ.